ವಿದ್ಯಾಧನದ ಒಡೆತನ

ವಿದ್ಯೆಯೆಂಬ ಧನವನ್ನು ಕಳ್ಳರು ಕದಿಯಲಾರರು, ಅರಸರು ಕಸಿದುಕೊಳ್ಳಲಾರರು, ದಾಯಾದಿಗಳು ಪಾಲು ಕೇಳಲಾರರು, ವ್ಯಯಮಾಡಿದಷ್ಟೂ ಅದು ವೃದ್ಧಿಯಾಗುವುದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವುದು ವಾಚಕರೆಲ್ಲರಿಗೂ ತಿಳಿದ ಮಾತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತಳೆಂಬುದನ್ನು ನಾವು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತೇವೆ. ಕೃತಿಯನ್ನು ಪ್ರತಿಮಾಡುವುದು ಆ ಕಾಲದಲ್ಲಿ ಪುಣ್ಯಕಾರ್ಯವಾಗಿತ್ತು. ಅಪ್ಪಣೆಯಿಲ್ಲದೆ ಪ್ರತಿಮಾಡುವುದು ಅಪರಾಧವೆಂಬ ಭಾವನೆಯೇ ಹುಟ್ಟಿರಲಿಲ್ಲ. ಕವಿಗೆ ಅನ್ನವಿಕ್ಕುತ್ತಿದ್ದವನು ಅರಸನು ಅಥವಾ ಶ್ರೀಮಂತನಾದ ಆಶ್ರಯದಾತನೇ ಹೊರತು ಓದುಗನಲ್ಲ.

ಕಳೆದ ಐದು ಶತಮಾನಗಳಲ್ಲಿ ಈ ಸ್ಥಿತಿಯು ಸಂಪೂರ್ಣವಾಗಿ ಮಾರ್ಪಟ್ಟಿದೆ. ಮನುಷ್ಯನ ಬುದ್ಧಿಯಿಂದ ಹುಟ್ಟಿದ ಗ್ರಂಥಕ್ಕೂ ಯಂತ್ರಕ್ಕೂ ಔಷಧಕ್ಕೂ ಈಗ ಹೊಲಕ್ಕಿರುವಂತೆ ಎಲ್ಲೆಕಟ್ಟುಂಟು, ಕ್ರಯಪತ್ರವುಂಟು, ವಾರಸುದಾರರುಂಟು, ಎಲ್ಲೆಯನ್ನು ಮೀರಿದವನಿಗೆ ದಂಡವುಂಟು. ಗ್ರಂಥಕ್ಕೆ ಸಂಬಂಧಿಸಿದ ಹಕ್ಕನ್ನು ಗ್ರಂಥಸ್ವಾಮ್ಯವೆಂದೂ, ನೂತನವಾದ ಯಂತ್ರ, ವಸ್ತು ಅಥವಾ ತಯಾರಿಕೆಯ ಕ್ರಮಕ್ಕೆ ಸಂಬಂಧಿಸಿದುದನ್ನು ಪೇಟೆಂಟ್ ಎಂದೂ ಕರೆಯುತ್ತೇವೆ. ಇವೆರಡೂ ದುಡಿಯುವ ಬುದ್ಧಿಗೆ ಕೂಲಿಯನ್ನು ದೊರಕಿಸಿಕೊಡುವುದಕ್ಕಾಗಿ ಹುಟ್ಟಿದುವೆಂದು ಹೇಳುವುದು ವಾಡಿಕೆ. ಆದರೆ ಆ ಕೂಲಿಯು ನಿಜವಾಗಿ ಯಾರ ಕೈ ಸೇರಿತು? ಈ ಕಾನೂನುಗಳಿಂದ ಐಶ್ವರ್ಯವು ಹಂಚಿಹೋಯಿತೋ, ಇಲ್ಲವೆ ಮೊದಲೇ ಇದ್ದವರ ಮನೆಯಲ್ಲಿ ಮತ್ತಷ್ಟು ರಾಶಿಬಿದ್ದಿತೋ? ಈ ಪ್ರಶ್ನೆಯನ್ನು ತರ್ಕದಿಂದ ಬಿಡಿಸಹೊರಡುವುದಕ್ಕಿಂತ ಚರಿತ್ರೆಯನ್ನು ಕೇಳುವುದು ಮೇಲು. ನಮ್ಮ ದೇಶದ ಕಾನೂನಿಗೆ ಇಂಗ್ಲೆಂಡೇ ತೌರುಮನೆಯಾದುದರಿಂದ ಆ ದೇಶದ ಚರಿತ್ರೆಯನ್ನೇ ಮುಖ್ಯವಾಗಿ ಇಲ್ಲಿ ತೆಗೆದುಕೊಂಡಿದೆ.

ಮೊದಲ ಹೆಜ್ಜೆಯನ್ನಿಟ್ಟುದು ಇಟಲಿಯ ವೆನಿಸ್ ನಗರ. 1474ರಲ್ಲಿ ಆ ಗಣರಾಜ್ಯದ ಸೆನೆಟ್ ಸಭೆಯು, ಹೊಸ ಸಾಧನವೊಂದನ್ನು ಕಂಡುಹಿಡಿದು ಅಧಿಕಾರಿಗಳಿಗೆ ತಿಳಿಸಿದವನ ಅಪ್ಪಣೆಯಿಲ್ಲದೆ ಹತ್ತು ವರ್ಷಗಳವರೆಗೆ ಬೇರೆ ಯಾರೂ ಅದನ್ನು ಮಾಡಕೂಡದೆಂದೂ, ಮಾಡಿದವನು ನೂರು ಡ್ಯೂಕಟ್ ನಾಣ್ಯಗಳನ್ನು ತೆರತಕ್ಕುದೆಂದೂ ಕಟ್ಟಳೆಮಾಡಿತು. ಇತರ ದೇಶಗಳ ಜಾಣರಾದ ಕುಶಲಿಗಳನ್ನು ತನ್ನ ನಗರಕ್ಕೆ ಸೆಳೆಯುವುದೂ ಆ ವರ್ತಕ ಗಣರಾಜ್ಯದ ಉದ್ದೇಶವಾಗಿತ್ತು.

ಇಂಗ್ಲೆಂಡಿನಲ್ಲಿ ಇದೇ ಉಪಾಯವು ಬಹುಬೇಗ ಕೆಟ್ಟ ದಾರಿಯನ್ನು ಹಿಡಿಯಿತು. ಎಲಿಜಬೆತ್ ರಾಣಿಯು ತನ್ನ ಆಸ್ಥಾನದ ಪ್ರಿಯಪಾತ್ರರಿಗೆ ಉಪ್ಪು, ಗಂಜಿಹುಡಿ, ಇಸ್ಪೀಟೆಲೆ ಮೊದಲಾದ ಹಳೆಯ ಪದಾರ್ಥಗಳ ಏಕಸ್ವಾಮ್ಯವನ್ನೇ ಸನ್ನದುಗಳ ಮೂಲಕ ದಯಪಾಲಿಸಿದಳು. ಹೊಸದಾಗಿ ಏನನ್ನೂ ಕಂಡುಹಿಡಿಯದವರು ಜನರ ನಿತ್ಯದ ವೆಚ್ಚದಿಂದ ಸುಂಕವೆತ್ತತೊಡಗಿದರು. 1601ರ ಪಾರ್ಲಿಮೆಂಟಿನಲ್ಲಿ ಇದರ ಮೇಲೆ ದೊಡ್ಡ ಕೋಲಾಹಲವೆದ್ದು ರಾಣಿಯು ಹಲವು ಸನ್ನದುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ತರುವಾಯ 1624ರಲ್ಲಿ ಆದ ಕಾಯಿದೆಯು ಏಕಸ್ವಾಮ್ಯಗಳನ್ನು ಸಾಮಾನ್ಯವಾಗಿ ರದ್ದುಗೊಳಿಸಿ, ಹೊಸ ತಯಾರಿಕೆಯನ್ನು ಮೊದಲು ಕಂಡುಹಿಡಿದವನಿಗೆ ಮಾತ್ರ 14 ವರ್ಷಗಳ ಹಕ್ಕನ್ನು ಉಳಿಸಿತು. ಪೇಟೆಂಟ್ ಎಂಬುದು ಏಕಸ್ವಾಮ್ಯವೆಂಬ ಅನಿಷ್ಟಕ್ಕೆ ಅವಧಿಗೊಳಪಟ್ಟ ಒಂದು ವಿನಾಯಿತಿಯೆಂಬ ಈ ಮೂಲಾರ್ಥವನ್ನು ಮರೆಯಲಾಗದು.

ಗ್ರಂಥಗಳ ಕಥೆಯು ಇನ್ನೂ ಸ್ವಾರಸ್ಯವುಳ್ಳುದು. 1557ರಲ್ಲಿ ಸನ್ನದು ಪಡೆದ ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಸಂಘವು ಮುದ್ರಣದ ವ್ಯವಹಾರವನ್ನು ಬಹುಮಟ್ಟಿಗೆ ತನ್ನ ಕೈಯಲ್ಲಿಟ್ಟುಕೊಂಡಿದ್ದಿತು. ಸಂಘದ ಪುಸ್ತಕದಲ್ಲಿ ಯಾವ ವ್ಯಾಪಾರಿಯ ಹೆಸರಿನಲ್ಲಿ ಗ್ರಂಥವು ದಾಖಲಾಗುವುದೋ ಅವನೇ ಅದರ ಒಡೆಯ, ಗ್ರಂಥಕರ್ತನಲ್ಲ. ಮಹಾಕವಿ ಮಿಲ್ಟನ್ನನು ಕುರುಡನಾಗಿ, ವಯಸ್ಸಾಗಿ, ರಾಜಕೀಯದಲ್ಲಿ ಸೋತು ಕುಳಿತಿದ್ದಾಗ ಹೇಳಿ ಬರೆಯಿಸಿದ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯವನ್ನು 1667ರಲ್ಲಿ ಸ್ಯಾಮ್ಯುಯಲ್ ಸಿಮನ್ಸ್ ಎಂಬ ಮುದ್ರಕನಿಗೆ ಕೊಟ್ಟನು. ಒಪ್ಪಂದದಂತೆ ಕೈಗೆ ಬಂದುದು 5 ಪೌಂಡು; ಮೊದಲ ಮುದ್ರಣದ 1300 ಪ್ರತಿಗಳು ಖರ್ಚಾದ ಮೇಲೆ ಮತ್ತೆ 5 ಪೌಂಡು. 1674ರಲ್ಲಿ ಕವಿಯು ತೀರಿಕೊಂಡನು. 1680ರಲ್ಲಿ ಅವನ ವಿಧವೆಯು ಉಳಿದ ಹಕ್ಕನ್ನೆಲ್ಲ 8 ಪೌಂಡಿಗೆ ಬಿಟ್ಟುಕೊಟ್ಟಳು. ಹೀಗೆ ಇಂಗ್ಲಿಷ್ ಭಾಷೆಯ ಅತ್ಯುನ್ನತ ಕಾವ್ಯಗಳಲ್ಲೊಂದು ಕವಿಕುಟುಂಬಕ್ಕೆ ತಂದುಕೊಟ್ಟುದು ಒಟ್ಟು 18 ಪೌಂಡು ಮಾತ್ರ. ಕೆಲವೇ ವರ್ಷಗಳಲ್ಲಿ ಆ ಹಕ್ಕು ಕೈಯಿಂದ ಕೈಗೆ ಸಾಗಿ ಜೇಕಬ್ ಟಾನ್ಸನ್ ಎಂಬ ಪ್ರಕಾಶಕನನ್ನು ಸೇರಿತು; ಅವನೂ ಅವನ ಮನೆತನದವರೂ ಅದರಿಂದ ಬಹುಕಾಲ ಲಾಭವನ್ನುಂಡರು.

1695ರಲ್ಲಿ ಮುದ್ರಣನಿಯಂತ್ರಣದ ಕಾಯಿದೆಯು ಕೊನೆಗೊಂಡು ವ್ಯಾಪಾರಿಗಳ ಹಿಡಿತವು ಸಡಿಲವಾಯಿತು. ಆಗ ಅವರು ತಮ್ಮ ನಷ್ಟವನ್ನು ಮುಂದುಮಾಡದೆ ಗ್ರಂಥಕರ್ತರ ಬಡತನವನ್ನು ಮುಂದುಮಾಡಿ ಪಾರ್ಲಿಮೆಂಟಿಗೆ ಮೊರೆಯಿಟ್ಟರು. 1710ರಲ್ಲಿ ಆ್ಯನ್ ರಾಣಿಯ ಕಾಲದ ಪ್ರಸಿದ್ಧ ಕಾಯಿದೆಯು ಜಾರಿಗೆ ಬಂದಿತು. ಅದರಂತೆ ಹೊಸ ಗ್ರಂಥದ ಹಕ್ಕು ಮೊಟ್ಟಮೊದಲಿಗೆ ಗ್ರಂಥಕರ್ತನದು. ಅವಧಿ 14 ವರ್ಷ. ಆ ಬಳಿಕ ಕರ್ತೃವು ಜೀವಿಸಿದ್ದರೆ ಇನ್ನೂ 14 ವರ್ಷ. ಆಗಲೇ ಅಚ್ಚಾಗಿದ್ದ ಹಳೆಯ ಗ್ರಂಥಗಳಿಗೆ 21 ವರ್ಷ. ವ್ಯಾಪಾರಿಗಳು ಬೇಡಿದುದು ನಿತ್ಯವಾದ ಸ್ವತ್ತು. ಪಾರ್ಲಿಮೆಂಟು ಕೊಟ್ಟುದು ಅವಧಿಯುಳ್ಳ ಸ್ವತ್ತು.

ಆದರೂ ಅವರು ಸುಮ್ಮನಿರಲಿಲ್ಲ. ಕಾಯಿದೆಯ ಹಕ್ಕು ಮುಗಿದರೂ ಸಂಪ್ರದಾಯಸಿದ್ಧವಾದ ಹಕ್ಕು ಎಂದೆಂದಿಗೂ ಉಳಿಯುವುದೆಂದು ವಾದಿಸಿ ಮುಂದಿನ ಅರ್ಧ ಶತಮಾನವನ್ನು ವ್ಯಾಜ್ಯಗಳಲ್ಲಿ ಕಳೆದರು. ಮಿಲ್ಟನ್ನನ ಕಾವ್ಯದ ವಿಷಯದಲ್ಲಿ ಟಾನ್ಸನ್ ಮನೆತನದವರು 1752ರಲ್ಲಿ ಕೂಡ ನ್ಯಾಯಾಲಯದಿಂದ ತಡೆಯಾಜ್ಞೆಯನ್ನು ಪಡೆದರು. ಅದಕ್ಕೆ ಎರಡು ವರ್ಷ ಹಿಂದೆ, 1750ರಲ್ಲಿ, ಮಿಲ್ಟನ್ನನ ಮೊಮ್ಮಗಳು ಕಡುಬಡತನದಲ್ಲಿದ್ದುದರಿಂದ ಅವಳ ಸಹಾಯಾರ್ಥವಾಗಿ ಲಂಡನ್ನಿನ ನಾಟಕಶಾಲೆಯಲ್ಲಿ ಮಿಲ್ಟನ್ನನದೇ ಒಂದು ರೂಪಕವನ್ನು ಆಡಿಸಬೇಕಾಗಿ ಬಂದಿದ್ದಿತು! ತಾತನ ಹೆಸರಿನ ಸ್ವತ್ತು ಒಬ್ಬ ವರ್ತಕನ ಮನೆಯಲ್ಲಿ ಬೆಳೆಯುತ್ತಿರಲು ಮೊಮ್ಮಗಳು ಧರ್ಮದ ಹಣಕ್ಕೆ ಕೈಯೊಡ್ಡಿದಳು.

ಈ ವಾದಕ್ಕೆ ಕೊನೆಗೆ ಎದುರಾಳಿಯಾಗಿ ನಿಂತವನು ಎಡಿನ್‌ಬರೋ ನಗರದ ಅಲೆಗ್ಸಾಂಡರ್ ಡೊನಾಲ್ಡ್‌ಸನ್ ಎಂಬ ಪುಸ್ತಕವ್ಯಾಪಾರಿ. ಅವಧಿ ತೀರಿದ ಗ್ರಂಥಗಳನ್ನು ಮರುಮುದ್ರಿಸಿ ಲಂಡನ್ನಿನ ಬೆಲೆಗಿಂತ ಬಹಳ ಅಗ್ಗವಾಗಿ ಮಾರುವುದು ಅವನ ಉದ್ಯೋಗ. 1769ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡನ ನ್ಯಾಯಪೀಠವು ನಿತ್ಯಸ್ವಾಮ್ಯದ ಪಕ್ಷದಲ್ಲಿ ತೀರ್ಪಿತ್ತಿದ್ದರೂ ಡೊನಾಲ್ಡ್‌ಸನ್ನನು ಎದೆಗುಂದದೆ ಪ್ರಭುಸಭೆಯವರೆಗೆ ಹೋದನು. 1774ರ ಫೆಬ್ರವರಿಯಲ್ಲಿ ಆ ಸಭೆಯು ಗ್ರಂಥಸ್ವಾಮ್ಯವು ಕಾಯಿದೆಯ ಅವಧಿಯೊಡನೆ ಮುಗಿಯತಕ್ಕುದೆಂದು ನಿರ್ಣಯಿಸಿತು. ಷೇಕ್ಸ್‌ಪಿಯರ್, ಮಿಲ್ಟನ್, ಡ್ರೈಡನ್ ಮೊದಲಾದವರು ಆ ದಿನದಿಂದ ಸರ್ವರ ಸ್ವತ್ತಾದರು. ಮೂರೇ ವರ್ಷಗಳಲ್ಲಿ ಜಾನ್ ಬೆಲ್ ಎಂಬವನು ಚಾಸರನಿಂದ ಮೊದಲುಮಾಡಿ ಬ್ರಿಟನ್ನಿನ ಕವಿಗಳನ್ನು 109 ಸಣ್ಣ ಸಂಪುಟಗಳಲ್ಲಿ ಪ್ರಕಟಿಸಲಾರಂಭಿಸಿದನು. ಸಾಧಾರಣ ಸಂಸಾರಿಗಳ ಮನೆಗಳಲ್ಲಿಯೂ ಪುಸ್ತಕದ ಕಪಾಟು ಕಾಣಿಸಿಕೊಳ್ಳುವುದಕ್ಕೆ ಈ ತೀರ್ಪು ದಾರಿಮಾಡಿತೆಂದು ಹೇಳಬಹುದು.

ಹಾಗೆಂದು ಗ್ರಂಥಸ್ವಾಮ್ಯವು ಕೇವಲ ಅನಿಷ್ಟವೆಂದು ಭಾವಿಸಲಾಗದು. ಆಶ್ರಯದಾತನ ಬಾಗಿಲಲ್ಲಿ ಕೈಕಟ್ಟಿ ನಿಲ್ಲದೆ ಲೇಖನಿಯಿಂದಲೇ ಜೀವಿಸತಕ್ಕ ಸ್ವತಂತ್ರ ಗ್ರಂಥಕರ್ತರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡುದು ಈ ಹಕ್ಕಿನ ಬಲದಿಂದಲೇ. ಆದರೆ ಆ ಬಲವು ಎಷ್ಟರದು? ಬೆಲ್ಲನ ಸ್ಪರ್ಧೆಗೆ ಬೆದರಿದ ಲಂಡನ್ನಿನ ವ್ಯಾಪಾರಿಗಳು ಡಾಕ್ಟರ್ ಜಾನ್ಸನ್ನನಿಂದ ಕವಿಚರಿತೆಗಳನ್ನು ಬರೆಯಿಸಲು ಬಂದಾಗ ಆ ಮಹಾಪಂಡಿತನು ತಾನಾಗಿಯೇ ಕೇಳಿದುದು 200 ಗಿನಿಗಳನ್ನು. ವ್ಯಾಪಾರಿಗಳು ಆ ಕ್ಷಣವೇ ಒಪ್ಪಿಕೊಂಡರು; ಸಾವಿರ ಕೇಳಿದ್ದರೂ ಒಪ್ಪುತ್ತಿದ್ದರೆಂದು ಅವನ ಸ್ನೇಹಿತರು ಭಾವಿಸಿದರು. ಬರೆಯುವವನು ಇಂದಿನ ಅನ್ನಕ್ಕಾಗಿ ಮಾರುತ್ತಾನೆ; ಕೊಳ್ಳುವವನು ಮುಂದಿನ ಲಾಭವನ್ನು ಕಾಯಬಲ್ಲನು. ಇಬ್ಬರಿಗೂ ಒಂದೇ ಕಾನೂನಿದ್ದರೂ ಕಾಯುವ ಶಕ್ತಿಯು ಸಮಾನವಾಗಿಲ್ಲ.

ಈ ಸತ್ಯವನ್ನು 1841ರಲ್ಲಿ ಪಾರ್ಲಿಮೆಂಟಿನಲ್ಲಿ ವಿಶದವಾಗಿ ವಿವರಿಸಿದವನು ನಮ್ಮ ದೇಶದ ವಿದ್ಯಾಭ್ಯಾಸದ ಚರಿತ್ರೆಯಲ್ಲಿಯೂ ದಂಡಸಂಹಿತೆಯ ರಚನೆಯಲ್ಲಿಯೂ ಹೆಸರಾದ ಮೆಕಾಲೆ. ಗ್ರಂಥಕರ್ತನು ಸತ್ತಮೇಲೆ 60 ವರ್ಷಗಳವರೆಗೆ ಹಕ್ಕನ್ನು ಮುಂದುವರಿಸಬೇಕೆಂದು ಟಾಲ್ಫರ್ಡ್ ಎಂಬ ಸದಸ್ಯನು ಮಸೂದೆಯನ್ನು ತಂದಿದ್ದನು. ಗ್ರಂಥಕರ್ತರಿಗೆ ಪ್ರತಿಫಲ ಸಿಗಬೇಕಾದುದು ಅವಶ್ಯವೇ. ಅದಕ್ಕಾಗಿ ಓದುಗರ ಮೇಲೆ ಒಂದು ಬಗೆಯ ತೆರಿಗೆಯನ್ನು ಹೇರುವುದೂ ಅನಿವಾರ್ಯವೇ. ಆದರೆ ಪ್ರಯೋಜನಕ್ಕೆ ಬೇಕಾದುದಕ್ಕಿಂತ ಒಂದು ದಿನವೂ ಹೆಚ್ಚಾಗಿ ಆ ತೆರಿಗೆಯು ಉಳಿಯಬಾರದೆಂಬುದು ಮೆಕಾಲೆಯ ವಾದದ ಸಾರ. ಸತ್ತು ಅರವತ್ತು ವರ್ಷಗಳ ಮೇಲೆ ಬರುವ ಲಾಭಕ್ಕಾಗಿ ಯಾವನೂ ಲೇಖನಿಯನ್ನು ಹಿಡಿಯುವುದಿಲ್ಲ. ಆ ಹಕ್ಕು ಮೊಮ್ಮಕ್ಕಳಲ್ಲಿಯೂ ಉಳಿಯುವುದಿಲ್ಲ. ವ್ಯಾಪಾರಿಯಿಂದ ವ್ಯಾಪಾರಿಗೆ ಸಾಗುತ್ತದೆ ಎಂದು ಹೇಳಿ ಅವನು ಮಿಲ್ಟನ್ನನ ಮೊಮ್ಮಗಳ ದುಃಸ್ಥಿತಿಯನ್ನೇ ನಿದರ್ಶನವಾಗಿ ತೋರಿಸಿದನು. ಮಸೂದೆಯು ಬಿದ್ದಿತು. ಮರುವರ್ಷ, 1842ರಲ್ಲಿ, ಪ್ರಕಟಣೆಯಿಂದ 42 ವರ್ಷ ಅಥವಾ ಕರ್ತೃವಿನ ಆಯುಸ್ಸು ಮತ್ತು 7 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಅವಧಿಯೆಂದು ಗೊತ್ತಾಯಿತು.

ಇನ್ನು ಯಂತ್ರಗಳ ಕಡೆಗೆ ತಿರುಗೋಣ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದಲ್ಲಿ ಹತ್ತಿಯ ನೂಲನ್ನು ಯಂತ್ರದಿಂದ ತೆಗೆಯುವ ವಿದ್ಯೆಯು ಬೆಳೆದ ಕಾಲದಲ್ಲಿ ಎರಡು ಜೀವನಗಳು ಅಕ್ಕಪಕ್ಕದಲ್ಲಿ ಸಾಗಿದುವು. ರಿಚರ್ಡ್ ಆರ್ಕ್‌ರೈಟನು ಮೊದಲು ಕ್ಷೌರಿಕನಾಗಿದ್ದು ಕೃತಕ ಕೇಶದ ವ್ಯಾಪಾರವನ್ನೂ ಮಾಡುತ್ತಿದ್ದವನು. 1769ರಲ್ಲಿ ನೂಲುವ ಯಂತ್ರಕ್ಕೆ ಒಂದು ಪೇಟೆಂಟನ್ನೂ, 1775ರಲ್ಲಿ ಹಂಜಿಮಾಡುವುದೇ ಮೊದಲಾದ ಕೆಲಸಗಳಿಗೆ ಮತ್ತೊಂದನ್ನೂ ಅವನು ಪಡೆದನು. ಹಣವಂತರ ಪಾಲುಗಾರಿಕೆಯಿಂದ 1771ರಲ್ಲಿ ಕ್ರಾಮ್‌ಫರ್ಡ್ ಎಂಬಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿಯನ್ನು ಸ್ಥಾಪಿಸಿದನು. ಇತರರಿಂದ ಪರವಾನಗಿಯ ಹಣವನ್ನು ವಸೂಲುಮಾಡಿದನು. 1785ರ ವಿಚಾರಣೆಯಲ್ಲಿ ಆ ಉಪಾಯಗಳು ಅವನವಲ್ಲವೆಂದು ಬೇರೆ ಕುಶಲಿಗಳು ಸಾಕ್ಷ್ಯ ನುಡಿದು ಎರಡನೆಯ ಪೇಟೆಂಟು ರದ್ದಾಯಿತು. ಆದರೆ ಅಷ್ಟರೊಳಗೆ ಅವನ ಐಶ್ವರ್ಯವು ಬೇರುಬಿಟ್ಟಿದ್ದಿತು. ಮರುವರ್ಷ ಅವನಿಗೆ 'ಸರ್' ಪದವಿಯು ದೊರೆಯಿತು. 1792ರಲ್ಲಿ ಸತ್ತಾಗ ಅವನ ಆಸ್ತಿಯು ಸುಮಾರು ಐದು ಲಕ್ಷ ಪೌಂಡುಗಳೆಂದು ಎಣಿಸಲ್ಪಟ್ಟಿತು.

ಸ್ಯಾಮ್ಯುಯಲ್ ಕ್ರಾಂಪ್ಟನ್ನನ ಕಥೆಯು ಬೇರೆ. ಬೋಲ್ಟನ್ ಊರಿನ ಬಳಿಯ ಹಳೆಯ ಮನೆಯೊಂದರಲ್ಲಿ ತಾಯಿಯೊಡನೆ ವಾಸವಾಗಿ ನೂಲುತ್ತ ನೇಯುತ್ತ ಇದ್ದ ಈ ಯುವಕನು ಕೆಲವು ವರ್ಷಗಳ ಗುಟ್ಟಾದ ಪರಿಶ್ರಮದಿಂದ 1779ರಲ್ಲಿ ಹೊಸ ಯಂತ್ರವನ್ನು ಸಿದ್ಧಪಡಿಸಿದನು. ಹಿಂದಿನ ಎರಡು ಯಂತ್ರಗಳ ಗುಣಗಳನ್ನು ಕೂಡಿಸಿದುದರಿಂದ ಅದಕ್ಕೆ 'ಮ್ಯೂಲ್', ಎಂದರೆ ಹೇಸರಗತ್ತೆ, ಎಂದು ಹೆಸರಾಯಿತು. ಅದರ ನೂಲು ಅಷ್ಟು ನಯವಾಗಿಯೂ ಗಟ್ಟಿಯಾಗಿಯೂ ಇದ್ದುದರಿಂದ ಜನರು ಗುಟ್ಟನ್ನರಿಯಲು ಅವನ ಮನೆಯನ್ನು ಮುತ್ತಿದರು. ಪೇಟೆಂಟನ್ನು ಪಡೆಯುವಷ್ಟು ಹಣವು ಅವನಲ್ಲಿರಲಿಲ್ಲ. ಚಂದಾಹಣವನ್ನು ಕೂಡಿಸಿಕೊಡುವೆವೆಂಬ ಗಿರಣಿಗಾರರ ಮಾತನ್ನು ನಂಬಿ ಯಂತ್ರವನ್ನು ಬಹಿರಂಗಪಡಿಸಿದನು. ಕೈಗೆ ಬಂದುದು ಸುಮಾರು 60 ಪೌಂಡು. ಮೂವತ್ತು ವರ್ಷಗಳ ಮೇಲೆ, 1811ರಲ್ಲಿ, ಅವನು ತಾನೇ ಊರೂರು ತಿರುಗಿ ಗಿರಣಿಗಳಲ್ಲಿ ತನ್ನ ಯಂತ್ರದ ಕದಿರುಗಳನ್ನು ಎಣಿಸಿದನು. ಅವು ನಲವತ್ತು ಲಕ್ಷಕ್ಕೂ ಮಿಕ್ಕಿದ್ದುವು! 1812ರಲ್ಲಿ ಪಾರ್ಲಿಮೆಂಟು ಅವನಿಗೆ 5000 ಪೌಂಡುಗಳನ್ನು ಕೊಟ್ಟಿತು. ಅದೂ ವ್ಯಾಪಾರದಲ್ಲಿ ಕರಗಿ, 1827ರಲ್ಲಿ ಅವನು ಬಡವನಾಗಿಯೇ ತೀರಿಕೊಂಡನು. 1862ರಲ್ಲಿ ಬೋಲ್ಟನ್ನಿನ ಜನರು ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಈ ಎರಡು ಚರಿತ್ರೆಗಳನ್ನು ಜೊತೆಯಾಗಿ ಓದಿದವನು ಪೇಟೆಂಟ್ ಕಾನೂನು ಬಡವನ ವೈರಿಯೆಂದು ಸುಲಭವಾಗಿ ಹೇಳಲಾರನು. ಏಕೆಂದರೆ ಕ್ರಾಂಪ್ಟನ್ನನು ಕೆಟ್ಟುದು ಪೇಟೆಂಟಿನಿಂದಲ್ಲ, ಪೇಟೆಂಟಿಲ್ಲದುದರಿಂದ. ಆದರೆ ಅದು ಬಡವನ ಮಿತ್ರನೆಂದೂ ಹೇಳಲಾರನು. ಏಕೆಂದರೆ ಆ ರಕ್ಷಣೆಯು ಹಣಕೊಟ್ಟು ಕೊಳ್ಳಬೇಕಾದ ರಕ್ಷಣೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರಕ್ಕೂ ಸೇರಿ ಪೇಟೆಂಟು ಪಡೆಯಬೇಕಾದರೆ 300 ಪೌಂಡುಗಳಿಗೂ ಮಿಕ್ಕ ವೆಚ್ಚವಾಗುತ್ತಿದ್ದಿತು. ಕಚೇರಿಯಿಂದ ಕಚೇರಿಗೆ ಅಲೆಯುತ್ತ ಎಲ್ಲೆಡೆಯೂ ಶುಲ್ಕ ತೆರಬೇಕಾಗಿತ್ತು. ಕಾದಂಬರಿಕಾರ ಡಿಕನ್ಸನು 1850ರಲ್ಲಿ ಬಡ ಕುಶಲಿಯೊಬ್ಬನ ಈ ಅಲೆದಾಟವನ್ನೇ ವಸ್ತುವಾಗಿಟ್ಟುಕೊಂಡು ಕಥೆಯೊಂದನ್ನು ಬರೆದನು. 1852ರ ಕಾಯಿದೆಯಿಂದ ಆರಂಭದ ಶುಲ್ಕವು 25 ಪೌಂಡಿಗೆ ಇಳಿಯಿತು.

ಅವಧಿಯು ಮಿತಿಮೀರಿದರೆ ಆಗುವ ಕೇಡಿಗೆ ಜೇಮ್ಸ್ ವಾಟನ ಉಗಿಯಂತ್ರವು ಉದಾಹರಣೆ. ವಾಟನು 1769ರಲ್ಲಿ ಪೇಟೆಂಟನ್ನು ಪಡೆದನು. ಅವನ ಮೊದಲ ಪಾಲುಗಾರನು ದಿವಾಳಿಯೆದ್ದ ಮೇಲೆ ಮ್ಯಾಥ್ಯೂ ಬೋಲ್ಟನ್ ಎಂಬ ಧನಿಕ ಉದ್ಯಮಿಯು ಮೂರರಲ್ಲಿ ಎರಡು ಪಾಲು ಹಕ್ಕಿಗೆ ಒಡೆಯನಾದನು. 1775ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯ ಮೂಲಕ ಹಕ್ಕನ್ನು 1800ರವರೆಗೆ ಬೆಳೆಸಿತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಅವರು ಗಣಿಯ ಒಡೆಯರಿಂದ ಪಡೆಯುತ್ತಿದ್ದರು. ಯಂತ್ರವನ್ನು ಪರಿಪೂರ್ಣಗೊಳಿಸಲು ಆ ಆದಾಯದ ಭರವಸೆಯು ಬೇಕಾಗಿತ್ತೆಂಬುದು ದಿಟ. ಆದರೆ ಕಾರ್ನ್‌ವಾಲ್ ಪ್ರಾಂತದಲ್ಲಿ ಯಂತ್ರವನ್ನು ಸುಧಾರಿಸಹೊರಟ ಇತರ ಕುಶಲಿಗಳು ವ್ಯಾಜ್ಯಗಳಿಗೆ ಸಿಕ್ಕಿ ಕೈಕಟ್ಟಿ ಕುಳಿತರು. 1800ರಲ್ಲಿ ಅವಧಿಯು ಮುಗಿದ ಮೇಲೆ ಟ್ರೆವಿಥಿಕನು ಹೆಚ್ಚು ಒತ್ತಡದ ಉಗಿಯಿಂದ 1804ರಲ್ಲಿ ಹಳಿಯ ಮೇಲೆ ಬಂಡಿಯನ್ನು ಓಡಿಸಿದನು. 1811ರಿಂದ ಕಾರ್ನ್‌ವಾಲಿನ ಗಣಿಯವರು ತಮ್ಮ ಯಂತ್ರಗಳು ಎಷ್ಟು ಇದ್ದಲಿನಿಂದ ಎಷ್ಟು ನೀರನ್ನೆತ್ತುತ್ತವೆಂಬುದನ್ನು ತಿಂಗಳುತಿಂಗಳೂ ಅಚ್ಚುಮಾಡಿಸಿ ಬಹಿರಂಗವಾಗಿ ಹಂಚಿಕೊಂಡರು. ಒಬ್ಬನ ಸುಧಾರಣೆಯನ್ನು ಇನ್ನೊಬ್ಬನು ಕಲಿತನು. ಕೆಲವು ದಶಕಗಳಲ್ಲಿ ಯಂತ್ರಗಳ ಕಾರ್ಯಶಕ್ತಿಯು ಎರಡು ಪಟ್ಟಿಗೂ ಮೀರಿ ಬೆಳೆಯಿತು. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂಬ ನಮ್ಮ ಹಿರಿಯರ ಮಾತನ್ನು ಗಣಿಯ ನೀರೆತ್ತುವವರು ಲೆಕ್ಕವಿಟ್ಟು ತೋರಿಸಿದರು.

ದೇಶದೇಶಗಳ ನಡುವಣ ತಾರತಮ್ಯದಲ್ಲಿಯೂ ಈ ಕಾನೂನಿನ ಪಾತ್ರವು ಅಲ್ಪವಲ್ಲ. ಹಾಲೆಂಡು 1869ರಲ್ಲಿ ಪೇಟೆಂಟನ್ನೇ ತೆಗೆದುಹಾಕಿ 1910ರವರೆಗೂ ಅದಿಲ್ಲದೆ ಇದ್ದಿತು. ಸ್ವಿಟ್ಜರ್ಲೆಂಡು 1888ರವರೆಗೆ ಪೇಟೆಂಟ್ ಕಾಯಿದೆಯನ್ನೇ ಮಾಡಲಿಲ್ಲ. ರಾಸಾಯನಿಕ ಕ್ರಮಗಳಿಗೆ 1907ರವರೆಗೆ ಅದನ್ನು ಅನ್ವಯಿಸಲಿಲ್ಲ. ಇತರರ ವಿದ್ಯೆಯನ್ನು ಕಲಿಯುವ ಹಂತದಲ್ಲಿದ್ದ ದೇಶಗಳು ತಮ್ಮ ಅನುಕೂಲದ ಕಾಲವನ್ನು ತಾವೇ ಆರಿಸಿಕೊಂಡುವು. ಭಾರತಕ್ಕೆ ಆ ಸ್ವಾತಂತ್ರ್ಯವಿರಲಿಲ್ಲ. 1856ರಲ್ಲಿ ಆದ ನಮ್ಮ ಮೊದಲ ಪೇಟೆಂಟ್ ಕಾಯಿದೆಯು ಬ್ರಿಟಿಷ್ ಸಿಂಹಾಸನದ ಪೂರ್ವಾನುಮತಿಯಿಲ್ಲವೆಂಬ ಕಾರಣದಿಂದ ರದ್ದಾಗಿ 1859ರಲ್ಲಿ ಮತ್ತೆ ಬಂದಿತು. 1911ರ ಕಾಯಿದೆಯು ಸ್ವಾತಂತ್ರ್ಯದ ತರುವಾಯವೂ ಬಹುಕಾಲ ನಡೆಯಿತು. 1959ರಲ್ಲಿ ವರದಿಯನ್ನು ಸಲ್ಲಿಸಿದ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು, ಇಲ್ಲಿನ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರವೆಂದೂ, ಅವುಗಳಲ್ಲಿ ಅನೇಕವು ಈ ದೇಶದಲ್ಲಿ ತಯಾರಿಕೆಗಾಗಿ ಅಲ್ಲದೆ ಇತರರು ತಯಾರಿಸದಂತೆ ತಡೆಯಲು ಮಾತ್ರ ಉಪಯೋಗವಾಗುತ್ತಿವೆಯೆಂದೂ ತೋರಿಸಿದರು. ಔಷಧಗಳ ಬೆಲೆಯು ಭಾರತದಂಥ ಬಡದೇಶದಲ್ಲಿ ಪ್ರಪಂಚದ ಅತಿ ಹೆಚ್ಚಿನ ಬೆಲೆಗಳಲ್ಲೊಂದಾಗಿತ್ತು.

ಆ ವರದಿಯ ತಳಹದಿಯ ಮೇಲೆ ರಚಿತವಾಗಿ 1972ರಲ್ಲಿ ಜಾರಿಗೆ ಬಂದ 1970ರ ಕಾಯಿದೆಯು ಆಹಾರ ಮತ್ತು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟನ್ನು ಕೊಡದೆ ತಯಾರಿಕೆಯ ಕ್ರಮಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷಗಳಿಗೆ, ಕೊಟ್ಟಿತು. ಬೇರೆ ಕ್ರಮದಿಂದ ಅದೇ ಔಷಧವನ್ನು ಮಾಡುವ ವಿದ್ಯೆಯನ್ನು ನಮ್ಮ ರಸಾಯನಶಾಸ್ತ್ರಜ್ಞರು ಬೆಳೆಸಿದರು. ಅದರ ಫಲವು 2001ರಲ್ಲಿ ಲೋಕಕ್ಕೆ ಗೋಚರವಾಯಿತು. ಏಡ್ಸ್ ರೋಗಕ್ಕೆ ಕೊಡುವ ಮೂರು ಔಷಧಗಳ ಕೂಟಕ್ಕೆ ಪಾಶ್ಚಾತ್ಯ ಕಂಪೆನಿಗಳು ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರುಗಳಿಗೂ ಮಿಕ್ಕ ಬೆಲೆಯನ್ನಿಟ್ಟಿರಲು, ಮುಂಬಯಿಯ ಸಿಪ್ಲಾ ಕಂಪೆನಿಯು ವರ್ಷಕ್ಕೆ 350 ಡಾಲರಿಗೆ ಪರೋಪಕಾರಿ ವೈದ್ಯಸಂಸ್ಥೆಯೊಂದಕ್ಕೆ ಒದಗಿಸಲು ಮುಂದೆ ಬಂದಿತು. ಆಫ್ರಿಕಾ ಖಂಡದ ಬಡ ರೋಗಿಗಳಿಗೆ ಈ ಅಂತರವು ಜೀವಮರಣಗಳ ಅಂತರವೇ ಆಗಿತ್ತು.

1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯೊಡನೆ ಜಾರಿಗೆ ಬಂದ ಒಪ್ಪಂದದಂತೆ ಸದಸ್ಯ ರಾಷ್ಟ್ರಗಳೆಲ್ಲವೂ 20 ವರ್ಷಗಳ ಪೇಟೆಂಟನ್ನು ಕೊಡಬೇಕಾಗಿ ಬಂದು, ಭಾರತವೂ 2005ರಿಂದ ಔಷಧವಸ್ತುಗಳಿಗೆ ಅದನ್ನು ಕೊಡತೊಡಗಿತು. ಆದರೆ ಕಡ್ಡಾಯ ಪರವಾನಗಿಯೆಂಬ ಬಾಗಿಲನ್ನು ಕಾನೂನಿನಲ್ಲಿ ತೆರೆದಿಟ್ಟಿತ್ತು. 2012ರಲ್ಲಿ, ಮೂತ್ರಪಿಂಡ ಮತ್ತು ಯಕೃತ್ತಿನ ಅರ್ಬುದರೋಗಕ್ಕೆ ಬಳಸುವ ಔಷಧವೊಂದನ್ನು ಜರ್ಮನಿಯ ಬೇಯರ್ ಕಂಪೆನಿಯು ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿರಲು, ಹೈದರಾಬಾದಿನ ನ್ಯಾಟ್ಕೋ ಕಂಪೆನಿಗೆ ಅದನ್ನೇ ಸುಮಾರು 8,800 ರೂಪಾಯಿಗೆ ಮಾರುವ ಪರವಾನಗಿಯು ದೊರೆಯಿತು. ಪೇಟೆಂಟಿನ ಒಡೆಯನಿಗೆ ಮಾರಾಟದಲ್ಲಿ ಶೇಕಡಾ 6ರ ಪಾಲನ್ನು ಗೊತ್ತುಮಾಡಲಾಯಿತು. ಹೊಸ ಔಷಧವನ್ನು ಕಂಡುಹಿಡಿಯಲು ಬಹಳ ವೆಚ್ಚವಾಗುವುದು ಸುಳ್ಳಲ್ಲ. ಅದನ್ನು ತೆರುವವರಾರೆಂಬ ಪ್ರಶ್ನೆಯೂ ನ್ಯಾಯವಾದುದೇ. ಆದರೂ ತಿಂಗಳಿಗೆ ಎರಡೂ ಮುಕ್ಕಾಲು ಲಕ್ಷವನ್ನು ತೆರಲಾರದ ರೋಗಿಯಿಂದ ಆ ವೆಚ್ಚಕ್ಕೆ ಒಂದು ಕಾಸೂ ಸೇರುವುದಿಲ್ಲ. ಅವನ ಪ್ರಾಣ ಮಾತ್ರ ಹೋಗುತ್ತದೆ.

ಗ್ರಂಥಸ್ವಾಮ್ಯದಲ್ಲಾದರೋ ಮೆಕಾಲೆಯ ವಾದವು ಕೊನೆಗೆ ಸೋತಿತೆಂದೇ ಹೇಳಬೇಕು. ನಮ್ಮ 1957ರ ಕಾಯಿದೆಯು ಕರ್ತೃವಿನ ಮರಣದ ತರುವಾಯ 50 ವರ್ಷಗಳ ಅವಧಿಯನ್ನು ಕೊಟ್ಟಿದ್ದಿತು. 1941ರಲ್ಲಿ ದಿವಂಗತರಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವ ವೇಳೆಗೆ, ಅದನ್ನು ಹೊಂದಿದ್ದ ವಿಶ್ವಭಾರತಿಯ ಹಿತಕ್ಕಾಗಿ ಅವಧಿಯನ್ನು 60 ವರ್ಷಕ್ಕೆ ಏರಿಸಲಾಯಿತು. 1841ರಲ್ಲಿ ಮೆಕಾಲೆಯು ತಡೆದ ಅರವತ್ತು ವರ್ಷಗಳೇ ಅವು! ಉದ್ದೇಶವು ವಿದ್ಯಾಸಂಸ್ಥೆಯೊಂದರ ಪೋಷಣೆ. ಆದರೆ ಕಾನೂನು ಬೆಳೆದುದು ಎಲ್ಲ ಗ್ರಂಥಗಳಿಗೂ, ಎಲ್ಲ ಒಡೆಯರಿಗೂ. ಅಮೆರಿಕಾ ದೇಶವು 1998ರಲ್ಲಿ ಅವಧಿಯನ್ನು ಮರಣಾನಂತರ 70 ವರ್ಷಗಳಿಗೆ ಮುಟ್ಟಿಸಿತು.

ಈ ದೀರ್ಘ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಕರ್ತೃವಿನ ಕೈಯಲ್ಲಿರುವ, ಅಲ್ಪಕಾಲದ, ಸುಲಭವಾಗಿ ದೊರೆಯುವ ಹಕ್ಕು ಬಡವನಿಗೂ ಒಂದು ಏಣಿಯಾಗುತ್ತದೆ. ಅದಿಲ್ಲದಿದ್ದರೆ ಕ್ರಾಂಪ್ಟನ್ನನ ಗತಿ. ಕೊಂಡವನ ಕೈಯಲ್ಲಿರುವ, ದೀರ್ಘಕಾಲದ, ವ್ಯಾಜ್ಯದಿಂದ ಕಾಯಲ್ಪಡುವ ಹಕ್ಕು ಸಿರಿವಂತನ ಸುತ್ತ ಕೋಟೆಯಾಗುತ್ತದೆ. ಆಗ ಮಿಲ್ಟನ್ನನ ಮೊಮ್ಮಗಳ ಗತಿ. ಹೆಸರು ಒಂದೇ ಆದರೂ ವಸ್ತುಗಳು ಎರಡು. ಗ್ರಂಥಕರ್ತನ ಹೆಸರನ್ನು ಮುಂದಿಟ್ಟು ಅವಧಿಯನ್ನು ಬೆಳೆಸಬೇಕೆಂದು ಯಾರಾದರೂ ಕೇಳಿದಾಗ, ಹಕ್ಕು ಈಗ ಯಾರ ಪೆಟ್ಟಿಗೆಯಲ್ಲಿದೆಯೆಂದು ತಿಳಿದವರು ವಿಚಾರಿಸತಕ್ಕುದು. ಅತ್ತಿಮಬ್ಬೆಯ ಸಾವಿರ ಓಲೆಪ್ರತಿಗಳ ಕಾಲಕ್ಕೆ ನಾವು ಹಿಂದಿರುಗಲಾರೆವು. ಆ ಕಾಲದ ಕವಿಯು ಅರಸನ ಮುಖವನ್ನು ನೋಡಿ ಬದುಕಿದನೆಂಬುದನ್ನೂ ಮರೆಯಲಾರೆವು. ಕವಿಗೆ ಅನ್ನವೂ ದೊರೆಯಬೇಕು, ಕಾವ್ಯವು ಬಡವನ ಮನೆಗೂ ಮುಟ್ಟಬೇಕು; ಶೋಧಕನಿಗೆ ಪ್ರತಿಫಲವೂ ಸಲ್ಲಬೇಕು, ಔಷಧವು ರೋಗಿಯ ಕೈಗೂ ಎಟುಕಬೇಕು. 1624ರಲ್ಲಿಯೂ 1710ರಲ್ಲಿಯೂ ಪಾರ್ಲಿಮೆಂಟು ಈ ಎರಡನ್ನೂ ತೂಗಿ ನೋಡಿ ಹದಿನಾಲ್ಕು ವರ್ಷಗಳೆಂದು ಹೇಳಿತು. ಆ ತಕ್ಕಡಿಯನ್ನು ಮತ್ತೊಮ್ಮೆ ಕೈಗೆ ತೆಗೆದುಕೊಳ್ಳಬೇಕಾದ ಹೊಣೆಯು ನಮ್ಮ ಕಾಲದ ಶಾಸನಕರ್ತರ ಮೇಲಿದೆ.